ಮಕ್ಕಳ ಊಟದ ಡಬ್ಬಿಯ ಕುರಿತು ಪೋಷಕರಿಗೆ ಪತ್ರ

ಮಡಿಕೇರಿ

ಮಾನ್ಯ ಪೋಷಕರೇ,

ಈ ಮಳೆಗಾಲದಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ಡಬ್ಬಿಗಳು ಅರ್ಧಕ್ಕರ್ಧ ಹಾಗೆಯೇ ಮನೆಗೆ ಬರುತ್ತಿವೆಯೆಂದು ನಿಮ್ಮಲ್ಲಿ ಹಲವರು ಆತಂಕದಿಂದ ನನ್ನನ್ನು ಕಂಡು, ಹೇಗಾದರೂ ಮಾಡಿ ತಿನ್ನಿಸಿ ಕಳಿಸಿ ಎಂದು ಕೇಳಿದ್ದೀರಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಶಾಲೆಯಲ್ಲಿ ನಾವು ಒತ್ತಾಯದಿಂದ ತಿನ್ನಿಸುವುದಿಲ್ಲ. ಮನೆಯಲ್ಲಿಯೂ ಹಾಗೆ ಮಾಡಬೇಡಿರೆಂದು ಕೋರಲು ಈ ಪತ್ರ.

ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹಿಂಜರಿಯುವುದು ಬೆಳವಣಿಗೆಯ ಸಹಜ ಹಂತ. ಗುರುತಿಲ್ಲದ ತರಕಾರಿಯೊಂದನ್ನು ಒಪ್ಪಿಕೊಳ್ಳಲು ಮಗುವಿಗೆ 8ರಿಂದ 15 ಸಲವಾದರೂ ಅದು ಎದುರಿಗೆ ಬರಬೇಕಾಗಬಹುದು. ನಾವು ಮೂರನೆಯ ಸಲಕ್ಕೇ ‘ಇವಳಿಗೆ ಸೇರುವುದಿಲ್ಲ’ ಎಂದು ಕೈಬಿಡುತ್ತೇವೆ. ಯುಕೆಜಿಯ ಮಗುವೊಂದು ಬೀನ್ಸ್ ಪಲ್ಯವನ್ನು ಮೊದಮೊದಲು ಮುಚ್ಚಳಕ್ಕೆ ಎತ್ತಿಡುತ್ತಿತ್ತು, ಆಮೇಲೆ ಮೂಸಿ ನೋಡಿತು, ಒಂದು ದಿನ ತುದಿ ಕಚ್ಚಿ ಉಗುಳಿತು. ಶಿಕ್ಷಕಿ ಗದರಲಿಲ್ಲ, ಪಕ್ಕದಲ್ಲಿ ಕುಳಿತು ತಮ್ಮ ಪಲ್ಯ ತಾವು ತಿಂದರು. ಈಗ ಆ ಮಗು ಅಕ್ಕಿ ರೊಟ್ಟಿಯ ಚೂರಿನಲ್ಲಿ ಎರಡು ಹೋಳು ಸುತ್ತಿಕೊಂಡು ತಾನಾಗಿಯೇ ತಿನ್ನುತ್ತದೆ.

ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು: ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಈ ಹಂಚಿಕೆಯನ್ನೇ ನಾವು ಪಾಲಿಸುತ್ತೇವೆ. ಮಗುವಿಗೆ ಪ್ರಿಯವಾದ ಕಡಂಬುಟ್ಟಿನ ಪಕ್ಕದಲ್ಲಿ ಹೊಸದು ಒಂದು ಚಮಚೆಯಷ್ಟಿರಲಿ. ಮುಟ್ಟಿದರೆ, ಮೂಸಿದರೆ ಮೆಚ್ಚಿ ಮಾತಾಡಿ. ಬೇಡವೆಂದರೆ ಸುಮ್ಮನಿದ್ದು, ಅರ್ಧ ಗಂಟೆಯೊಳಗೆ ತಟ್ಟೆ ಎತ್ತಿಬಿಡಿ. ಊಟಕ್ಕೆ ಮುಂಚೆ ಲೋಟ ತುಂಬ ಹಾಲು ಕುಡಿದ ಮಗುವಿಗೆ ಹಸಿವಾಗುವುದಾದರೂ ಹೇಗೆ? ತೋಟಕ್ಕೆ ಹೊರಡುವ ಅವಸರದಲ್ಲಿ ಮೊಬೈಲ್ ಕೊಟ್ಟು ತುತ್ತಿಡುವುದು ಸುಲಭವೆನಿಸುತ್ತದೆ, ನಿಜ. ಆದರೆ ಅದರಲ್ಲೇ ಮುಳುಗಿದ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ‘ಪಲ್ಯ ತಿಂದರೆ ಚಾಕೊಲೇಟ್’ ಎಂದರಂತೂ ಪಲ್ಯ ಶಿಕ್ಷೆಯೆಂದು ನಾವೇ ಕಲಿಸಿದಂತಾಗುತ್ತದೆ.

ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಅಥವಾ ಉಸಿರುಕಟ್ಟುವಿಕೆ ಇದ್ದರೆ, ತಿನ್ನುವ ಪದಾರ್ಥಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಮಾತ್ರ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ಉಳಿದದ್ದನ್ನು ಇನ್ನು ಮುಂದೆಯೂ ಡಬ್ಬಿಯಲ್ಲಿಯೇ ಕಳಿಸುತ್ತೇವೆ. ಎಷ್ಟು ತಿಂದಿದೆಯೆಂಬುದು ನಿಮಗೆ ಅದರಿಂದಲೇ ತಿಳಿಯುತ್ತದೆ. ಗೇಟಿನ ಬಳಿ ಕೊಡೆ ಬಿಚ್ಚುವ ಮೊದಲೇ ‘ಯಾಕೆ ತಿನ್ನಲಿಲ್ಲ’ ಎಂದು ದಯವಿಟ್ಟು ಮಗುವನ್ನು ಕೇಳಬೇಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ