‘ಮೇಲಿನ ಡೆಕ್’ ಆಯ್ಕೆಯನ್ನು ಏಕೆ ತೆಗೆದೆವು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಎರಡು ಅಂತಸ್ತಿನ (ಡೆಕ್) ಟ್ರೇಲರ್‌ನಲ್ಲಿ ಕಾರು ಸಾಗಿಸುವ ನಮ್ಮ ಸೇವೆಯ ಬುಕಿಂಗ್ ಫಾರಂನಲ್ಲಿ ‘ಮೇಲಿನ ಡೆಕ್ / ಕೆಳಗಿನ ಡೆಕ್’ ಎಂಬ ಆಯ್ಕೆ ಇರುವುದಿಲ್ಲ. ಟ್ರೇಲರ್‌ನಲ್ಲಿ ಯಾವ ಕಾರು ಎಲ್ಲಿ ನಿಲ್ಲಬೇಕೆಂದು ನಮ್ಮ ಲೋಡಿಂಗ್ ತಂಡವೇ ತೀರ್ಮಾನಿಸುತ್ತದೆ. ಮೇಲಿನ ಜಾಗಕ್ಕೆಂದು ಹೆಚ್ಚಿಗೆ ಹಣ ಕಟ್ಟಿ, ಇನ್ನೂ ಕಾರು ಕಳಿಸದವರಿಗೆ ಆ ಮೊತ್ತ ಪೂರ್ತಿ ವಾಪಸ್ ಬರುತ್ತದೆ. ಅದಕ್ಕಾಗಿ ಅರ್ಜಿ ಹಾಕಬೇಕಿಲ್ಲ.

ಮೇಲೆಯೇ ಇಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ತೆರೆದ ಟ್ರೇಲರ್‌ನಲ್ಲಿ ಮೇಲಿನ ಕಾರಿನ ಎಂಜಿನ್ ಆಯಿಲ್, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕೆಳಗಿನದರ ಬಾನೆಟ್ ಮೇಲೆ ತೊಟ್ಟಿಕ್ಕಬಹುದು. ಬ್ರೇಕ್ ಆಯಿಲ್ ಬಿದ್ದರಂತೂ ಬಣ್ಣವನ್ನೇ ತಿಂದುಹಾಕುತ್ತದೆ. ಚಕ್ರದಿಂದ ಚಿಮ್ಮುವ ಕಲ್ಲು, ಕೆಸರಿನ ಕಾಟವೂ ಕೆಳಗೇ ಹೆಚ್ಚು. ಹಾಗೆಂದು ಮೇಲಿನದು ಸಿಂಹಾಸನವೇನಲ್ಲ. ತಗ್ಗಿದ ಮರದ ಕೊಂಬೆ ಮೊದಲು ಸವರುವುದು ಅದನ್ನೇ.

ನಾವು ಯೋಚನೆ ಬದಲಿಸಲು ಕಾರಣ ಒಂದು ರಾತ್ರಿಯ ಇಳಿಸುವಿಕೆ. ಮೇಲಿನ ಜಾಗಕ್ಕೆ ಹಣ ಕಟ್ಟಿದ್ದ ಕಾರನ್ನು, ಕೊಟ್ಟ ಮಾತಿನಂತೆ ಮೇಲೆ ಮುಂಭಾಗದಲ್ಲಿ ನಿಲ್ಲಿಸಿದ್ದೆವು. ಆದರೆ ಎಲ್ಲಕ್ಕಿಂತ ಮೊದಲು ಇಳಿಯಬೇಕಿದ್ದುದೂ ಅದೇ. ಟ್ರೇಲರ್‌ಗೆ ಏರಿಳಿಯುವ ದಾರಿ ಒಂದೇ, ಅದೂ ಹಿಂದೆ. ಮೊದಲು ಏರಿದ್ದು ಕೊನೆಗೆ ಇಳಿಯಬೇಕು. ಆ ಒಂದಕ್ಕಾಗಿ ನಾಲ್ಕು ಕಾರುಗಳನ್ನು ಟಾರ್ಚ್ ಬೆಳಕಿನಲ್ಲಿ ರಿವರ್ಸ್ ಇಳಿಸಿ, ಮತ್ತೆ ಹತ್ತಿಸಿದೆವು. ಕಾರು ಟ್ರೇಲರ್ ಮೇಲಿದ್ದಾಗ ಅದರ ಬಾಗಿಲು ತೆರೆಯುವುದು ಗೇಣಗಲ. ಆ ಸಂದಿನಲ್ಲಿ ನಮ್ಮ ಹುಡುಗ ಹೊಟ್ಟೆ ಎಳೆದುಕೊಂಡು ಹೊರಗೆ ನುಸುಳುವಾಗ, ಮೂರನೇ ಕಾರಿನ ಬಾಗಿಲಂಚು ಕಂಬಕ್ಕೆ ಬಡಿದು ಉಗುರಿನಷ್ಟು ಬಣ್ಣ ಹೋಯಿತು. ಹಣ ಕಟ್ಟಿದವರ ಕಾರಿಗೆ ಒಂದು ಗೀರೂ ಇಲ್ಲ. ಏನನ್ನೂ ಕೇಳದೆ ಮಾಮೂಲು ಬಾಡಿಗೆ ಕೊಟ್ಟವರ ಕಾರು ದಂಡ ತೆತ್ತಿತು. ರಿಪೇರಿ ನಾವೇ ಮಾಡಿಸಿಕೊಟ್ಟೆವು. ಮುಜುಗರ ಮಾತ್ರ ಹೋಗಿಲ್ಲ.

ರಸ್ತೆಯ ಮೇಲೆ ಓಡುವಾಗಿನದಕ್ಕಿಂತ ಹತ್ತಿಸಿ ಇಳಿಸುವಾಗಲೇ ನಮಗೆ ಎದೆ ಡವಗುಟ್ಟುವುದು. ಹಾಗಾಗಿ ಇನ್ನು ಮೊದಲು ನೋಡುವುದು ಇಳಿಯುವ ಸರದಿ: ಒಮ್ಮೆ ಹತ್ತಿದ ಕಾರು ತನ್ನ ಊರು ಬರುವವರೆಗೆ ಅಲುಗಬಾರದು. ಆಮೇಲೆ ತೂಕ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯೊಂದೇ ನೂರಾರು ಕಿಲೋ ತೂಗುತ್ತದೆ, ಅಂಥವನ್ನು ಆದಷ್ಟು ಕೆಳಗೇ ಇಡುತ್ತೇವೆ. ಭಾರ ಮೇಲಾದರೆ ತಿರುವಿನಲ್ಲಿ ಟ್ರೇಲರ್ ವಾಲುತ್ತದೆ. ಸ್ಟಾರ್ಟ್ ಆಗದ ಗಾಡಿ ಕೆಳಗೆ ಹಿಂದುಗಡೆ, ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ಯಂತ್ರ) ಎಳೆಯಲು ಸುಲಭವಾಗುವಲ್ಲಿ. ನೆಲಕ್ಕೆ ತೀರಾ ಹತ್ತಿರವಿರುವ ಕಾರನ್ನು ಕಡಿದಾದ ರ್‍ಯಾಂಪ್‌ಗೆ ಹತ್ತಿಸುವುದಿಲ್ಲ, ಬಂಪರ್ ಉಜ್ಜುತ್ತದೆ. ಬಟ್ಟೆ ಚಾವಣಿಯ ಕಾರು ಮುಖ ಮುಂದೆ ಮಾಡಿಯೇ ನಿಲ್ಲಬೇಕು. ಹಿಂದುಮುಂದಾಗಿ ನಿಂತರೆ ಗಾಳಿ ಚಾವಣಿಯ ಹಿಂದಿನ ಅಂಚಿನಡಿ ನುಗ್ಗುತ್ತದೆ.

ತೊಟ್ಟಿಕ್ಕುವ ಸಮಸ್ಯೆಗೂ ಒಂದು ದಾರಿ ಮಾಡಿದ್ದೇವೆ. ಹತ್ತಿಸುವ ಮುಂಚೆ ಪ್ರತಿ ಕಾರಿನ ಎಂಜಿನ್ ಕೆಳಗೆ ಅರ್ಧ ಗಂಟೆ ರಟ್ಟು ಹಾಸುತ್ತೇವೆ. ಅದರ ಮೇಲೆ ಆಯಿಲ್, ಕೂಲಂಟ್ ಏನೇ ಕಲೆ ಕಂಡರೂ ಆ ಕಾರು ಕೆಳಗಿನ ಡೆಕ್‌ಗೆ. ಏಸಿ ನೀರಾದರೆ ಚಿಂತೆಯಿಲ್ಲ. ಡೆಕ್ ಎತ್ತುವ ಹೈಡ್ರಾಲಿಕ್ ಪೈಪ್‌ಗಳನ್ನು ಪ್ರತಿ ಟ್ರಿಪ್‌ಗೂ ಮುಂಚೆ ಒರೆಸಿ ನೋಡುತ್ತೇವೆ, ಸೋರುವುದು ಬರೀ ಗ್ರಾಹಕರ ಕಾರುಗಳಲ್ಲ.

ನಿಮ್ಮಿಂದ ಬೇಕಾದದ್ದು ಸರಿಯಾದ ಮಾಹಿತಿ. ಚಾವಣಿಗೆ ಕ್ಯಾರಿಯರ್ ಹಾಕಿಸಿದ್ದರೆ, ಸಸ್ಪೆನ್ಷನ್ ತಗ್ಗಿಸಿದ್ದರೆ, ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಬುಕಿಂಗ್‌ನಲ್ಲೇ ಬರೆಯಿರಿ. ಅಂಗಳಕ್ಕೆ ಬಂದ ಮೇಲೆ ಗೊತ್ತಾದರೆ ಇಡೀ ಜೋಡಣೆ ತಲೆಕೆಳಗು. ಇಂಧನ ಕಾಲು ಟ್ಯಾಂಕ್ ಸಾಕು.

ಧೂಳೂ ತಾಗಬಾರದು ಎನ್ನುವವರಿಗೆ ಮುಚ್ಚಿದ ಟ್ರೇಲರ್ ಇದೆ. ಬಾಡಿಗೆ ಜಾಸ್ತಿ, ಸರದಿಗೂ ಕಾಯಬೇಕು. ಹಾಗೆ ಬೇಕಾದವರು ಬುಕಿಂಗ್ ಮಾಡುವಾಗಲೇ ತಿಳಿಸಿ.

ಇಂತಿ,
ಲೋಡಿಂಗ್ ಮತ್ತು ಬುಕಿಂಗ್ ವಿಭಾಗದ ಪರವಾಗಿ