ಓದಿ ಮುಗಿಸಿದ ರಾತ್ರಿಯೇ ಬರೆದಿಡು

ಪ್ರೀತಿಯ ತಂಗಿಗೆ,

ತೀರ್ಥಹಳ್ಳಿಯಿಂದ ಶುಭಾಶೀರ್ವಾದಗಳು.

ಈ ಬೇಸಿಗೆಯಲ್ಲಿ ಓದಿ ಮುಗಿಸಿದ ಒಂಬತ್ತು ಪುಸ್ತಕಗಳ ಕುರಿತು ನೀನು ಬರೆದು ಕಳುಹಿಸಿದ ಟಿಪ್ಪಣಿಗಳನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಆದರೆ ‘ಮನಮುಟ್ಟುವ’, ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುವ’ ಎಂಬ ಮಾತುಗಳನ್ನು ಯಾವ ಪುಸ್ತಕಕ್ಕೆ ಅಂಟಿಸಿದರೂ ಅಂಟುತ್ತವೆ. ಅವನ್ನು ಬರೆಯಲು ಪುಸ್ತಕವನ್ನು ಓದಿರಬೇಕೆಂದೇನೂ ಇಲ್ಲ.

‘ಮಲೆಗಳಲ್ಲಿ ಮದುಮಗಳು’ ಕುರಿತ ಹನ್ನೆರಡು ಸಾಲುಗಳಲ್ಲಿ ಹತ್ತು ಸಾಲು ಕಥಾಸಾರಕ್ಕೇ ಹೋಗಿವೆ. 1967ರಲ್ಲಿ ಪ್ರಕಟವಾದ ಆ ಬೃಹತ್ ಕಾದಂಬರಿಯನ್ನು ಹತ್ತು ಸಾಲಿಗೆ ಇಳಿಸುವುದು ಯಾರಿಂದಲೂ ಆಗದ ಕೆಲಸ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಅವರೇ ಆರಂಭದಲ್ಲಿ ಹೇಳಿದ್ದಾರಲ್ಲವೇ? ಆದರೆ ಅದರಲ್ಲಿ ಬರುವ ಗುತ್ತಿಯ ‘ಹುಲಿಯ’ ಎಂಬ ನಾಯಿ ಹೊಳೆಯ ನೆರೆಯಲ್ಲಿ ಕೊಚ್ಚಿಹೋಗುವ ಪುಟಗಳನ್ನು ಓದಿದ ರಾತ್ರಿ, ‘ನಮ್ಮನೆ ನಾಯಿಗೆ ಅನ್ನ ಹಾಕಲು ಹೋದವಳು ಬಹಳ ಹೊತ್ತು ಜಗಲಿಯಲ್ಲೇ ಕುಳಿತಿದ್ದೆ’ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ನನಗೆ ಬೇಕಾದ ಟಿಪ್ಪಣಿ ಆ ಒಂದು ಸಾಲೇ. ಅಂಥದ್ದು ಮರುದಿನಕ್ಕೆ ಉಳಿಯುವುದಿಲ್ಲವಾದ್ದರಿಂದ, ಪುಸ್ತಕ ಮುಚ್ಚಿದ ರಾತ್ರಿಯೇ, ಎಲ್ಲಿ ಓದು ನಿಂತಿತು, ಎಲ್ಲಿ ಬೇಸರ ಬಂದಿತು ಎಂಬುದನ್ನು ಪುಟಸಂಖ್ಯೆಯೊಂದಿಗೆ ಗುರುತು ಹಾಕಿಕೋ.

ಮೆಚ್ಚುಗೆಯನ್ನು ಕೂಡಲೇ ಬರೆಯಬಹುದು. ತಿರಸ್ಕಾರಕ್ಕೆ ಮಾತ್ರ ವಾರವಾದರೂ ಕಾಯಬೇಕು. ನಿನ್ನ ವಯಸ್ಸಿನಲ್ಲಿ ಸಾಗರದ ಬಸ್ಸಿಗೆ ಕಾಯುತ್ತ ಓದಿ ಮುಗಿಸಿದ ಕಾದಂಬರಿಯೊಂದನ್ನು ನಾನು ಪತ್ರಿಕೆಯಲ್ಲಿ ‘ನೀರಸ’ ಎಂದು ಒಂದೇ ಪದದಲ್ಲಿ ತಳ್ಳಿಹಾಕಿದ್ದೆ. ಹತ್ತು ವರ್ಷಗಳ ಮೇಲೆ ಮತ್ತೆ ಓದಿದಾಗ, ಅಂದು ಎಷ್ಟೋ ಪುಟಗಳನ್ನು ಹಾರಿಸಿದ್ದೆನೆಂಬುದು ತಿಳಿಯಿತು. ಅಷ್ಟರಲ್ಲಿ ಆ ಲೇಖಕರು ತೀರಿಕೊಂಡಿದ್ದರು. ಆ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ.

ಇನ್ನು ‘ಫಣಿಯಮ್ಮ’. ನಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಅವರ ಈ ಕಾದಂಬರಿಯನ್ನು ನೀನು ‘ಸ್ತ್ರೀಶೋಷಣೆಯ ದಾಖಲೆ’ ಎಂದಿದ್ದೀಯೆ. ಮಾತು ಸರಿಯೇ, ಆದರೆ ಅದು ಭಾಷಣದ ಮಾತು. ಫಣಿಯಮ್ಮನಂತೆ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಇಡೀ ಆಯುಷ್ಯವನ್ನು ಮಡಿಯಲ್ಲೇ ಕಳೆದ ಅಜ್ಜಿಯೊಬ್ಬರ ವಿಷಯವನ್ನು ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು. ಅಮ್ಮನನ್ನು ಕೇಳು, ಫಣಿಯಮ್ಮನನ್ನು ಮತ್ತೊಮ್ಮೆ ಓದು, ಆಮೇಲೆ ಐದೇ ಸಾಲು ಬರೆದು ಕಳುಹಿಸು. ಮಳೆ ಹಿಡಿಯುವ ಮುನ್ನ ನಿನ್ನ ಕಾಗದ ಬರಲಿ.

ಇಂತು,
ನಿನ್ನ ಹಿತೈಷಿ