ಕಿಸುಮುವಿನ ಕಡೆಗೆ ಹೊರಟ ಪುಟ್ಟಿಗೆ

ಮಂಡ್ಯ
ಏಪ್ರಿಲ್ 20

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಪಶ್ಚಿಮ ಕೀನ್ಯಾಕ್ಕೆ, ವಿಕ್ಟೋರಿಯಾ ಸರೋವರದ ದಡದ ಕಿಸುಮುವಿನ ಕಡೆಗೆ ಹೊರಟಿರುವ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅರ್ಧ ಹೆಮ್ಮೆ, ಅರ್ಧ ಅಳು. ಹೆಮ್ಮೆ ನನಗೂ ಇದೆ, ಅಳುವ ಕೆಲಸ ಅವಳಿಗೇ ಇರಲಿ. ನೀನು ಕಳಿಸಿದ ಕರಪತ್ರವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಎಂಟು ವಾರ ಹಳ್ಳಿಯ ಮನೆಯೊಂದರಲ್ಲಿ ವಾಸ, ಊರಿನವರ ಜೊತೆ ಸೇರಿ ಸಾಮಾಜಿಕ ಉದ್ಯಮ, ಅಂದರೆ ಲಾಭದ ಜೊತೆ ಊರಿಗೂ ಒಳಿತಾಗುವ ಒಂದು ವ್ಯಾಪಾರ, ಕಟ್ಟುವುದು, ಕೊನೆಯ ವಾರ ಅದನ್ನು ಎಲ್ಲರ ಮುಂದೆ ಮಂಡಿಸುವುದು. ಯೋಜನೆ ಕೆಟ್ಟದ್ದಲ್ಲ. ಹೋಟೆಲಿನಲ್ಲಿ ಉಳಿದುಕೊಂಡು ಹಗಲು ಹೊತ್ತು ಶಾಲೆಯ ಗೋಡೆಗೆ ಬಣ್ಣ ಬಳಿದು ಬರುವ ಪ್ರವಾಸಗಳಿಗಿಂತ ಎಷ್ಟೋ ಮೇಲು. ಆದರೆ ಹಳ್ಳಿಯವರಿಗೆ ಉದ್ಯಮಶೀಲತೆ ಕಲಿಸುತ್ತೇವೆ ಎಂಬ ಧಾಟಿ ಅದರಲ್ಲಿ ಸ್ವಲ್ಪ ಅತಿಯಾಯಿತು. ನಿನ್ನ ದೊಡ್ಡಪ್ಪ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಆ ಸೀಮೆಯ ಹೆಂಗಸರ ಜೊತೆ ಬಾಳಿದವಳು. ಅವರಿಗೆ ವ್ಯಾಪಾರ ಕಲಿಸುವವರು ಇನ್ನೂ ಹುಟ್ಟಬೇಕು. ಅದಕ್ಕೇ ಈ ಉದ್ದನೆಯ ಪತ್ರ.

ಹೋದ ಕೂಡಲೇ ಪ್ರಶ್ನೆಪಟ್ಟಿ ಹಿಡಿದು ಮನೆಮನೆ ಸುತ್ತಬೇಡ. ಮೊದಲು ಸಂತೆಗೆ ಹೋಗು. ವಿಕ್ಟೋರಿಯಾ ಸರೋವರದ ದಡದಲ್ಲಿ ಒಣಗಿಸಿದ ಒಮೇನಾ ಎಂಬ ಸಣ್ಣ ಮೀನನ್ನು ರಾಶಿ ಹಾಕಿಕೊಂಡು ಕುಳಿತ ಯಾವಳಾದರೂ ಹೆಂಗಸಿನ ಪಕ್ಕ ಅರ್ಧ ದಿನ ಕುಳಿತುಕೊ. ಮೂಗು ಮುಚ್ಚಿಕೊಳ್ಳಬೇಡ, ಅಷ್ಟೇ. ಪಕ್ಕದಲ್ಲಿ ಮೆಕ್ಕೆಜೋಳ ಮಾರುವವಳ ಬಳಿ ಗೊರೊಗೊರೊ ಎಂಬ ತಗಡಿನ ಡಬ್ಬಿ ಇರುತ್ತದೆ, ಸುಮಾರು ಎರಡು ಕಿಲೋ ಹಿಡಿಯುವ ಅಳತೆ. ಡಬ್ಬಿಯ ತಳವನ್ನು ಒಳಕ್ಕೆ ಬಡಿದಿದ್ದಾರೆಯೇ ಎಂದು ಗಿರಾಕಿ ನೋಡುತ್ತಾಳೆ, ಗೋಪುರದಂತೆ ತುಂಬಿದರೂ ಮೇಲೊಂದು ಹಿಡಿ ಕೇಳುತ್ತಾಳೆ. ಆ ಹಿಡಿಯನ್ನು ಹಾಕದಿದ್ದರೆ ಮುಂದಿನ ಸಂತೆಗೆ ಅವಳು ಬೇರೆ ಕಡೆ. ಮಟಾಟು ಎಂಬ ಬಾಡಿಗೆ ವ್ಯಾನಿಗೆ ಮೂಟೆಯ ದರ ಎಷ್ಟು, ಮಳೆ ಬಂದು ಮೀನು ಒಣಗದಿದ್ದರೆ ಎಷ್ಟು ನಷ್ಟ, ಯಾರಿಗೆ ಕಡ ಕೊಡಬಹುದು, ಯಾರಿಗೆ ಕೊಟ್ಟರೆ ಕೊಟ್ಟವಳು ಕೋಡಂಗಿಯಾಗುತ್ತಾಳೆ, ಎಲ್ಲವೂ ಆ ಹೆಂಗಸಿನ ತಲೆಯಲ್ಲಿದೆ. ಅವಳ ಕೈಯಲ್ಲಿರುವ ಹಳೆಯ ಮೊಬೈಲಿಗೆ ಎಂಪೆಸಾ ಎಂಬ ಫೋನ್ ಪಾವತಿಯ ವ್ಯವಸ್ಥೆಯಲ್ಲಿ ಹಣ ಬರುತ್ತದೆ. ಕೀನ್ಯಾದಲ್ಲಿ ಎಂಪೆಸಾ ಶುರುವಾದದ್ದು 2007ರಲ್ಲಿ, ನಮ್ಮ ಯುಪಿಐ ಬಂದದ್ದು 2016ರಲ್ಲಿ. ಈ ವಿಚಾರದಲ್ಲಿ ತಡವಾಗಿ ಬಂದವರು ನಾವು. ಈಗ ಪೂರ್ವ ಆಫ್ರಿಕದ ಊರೂರಿನಲ್ಲಿ ಓಡುವ ಬೋಡಾ ಬೋಡಾ ಬಾಡಿಗೆ ಬೈಕುಗಳು ಮೊದಲು ಸೈಕಲ್ಲುಗಳಾಗಿ ಹೊರಟದ್ದೂ ನೀನು ಹೋಗುವ ಕಡೆಯ ಬುಸಿಯಾ ಗಡಿಯಲ್ಲೇ. ಕೀನ್ಯಾ ಮತ್ತು ಉಗಾಂಡಾದ ಚೌಕಿಗಳ ನಡುವೆ ಜನರನ್ನೂ ಸರಕನ್ನೂ ಕೂರಿಸಿಕೊಂಡು ತುಳಿದ ಹುಡುಗರಿಗೆ ಯಾವ ಶಿಬಿರದಲ್ಲೂ ಪಾಠ ಆಗಿರಲಿಲ್ಲ.

ಎರಡನೆಯದಾಗಿ, ನಿನ್ನನ್ನು ಯಾರಾದರೂ ತಮ್ಮ ಚಾಮಾಕ್ಕೆ ಕರೆಯುವವರೆಗೂ ಕಾಯಬೇಕು. ಚಾಮಾ ಎಂದರೆ ನಮ್ಮ ಕೈಚೀಟಿಯೂ ಹೌದು, ಸ್ತ್ರೀಶಕ್ತಿ ಸಂಘವೂ ಹೌದು. ನನ್ನನ್ನೂ ನೆರೆಯವರು ಒಂದಕ್ಕೆ ಸೇರಿಸಿಕೊಂಡಿದ್ದರು. ಪ್ರಾರ್ಥನೆಯಿಂದ ಶುರು, ತಡವಾಗಿ ಬಂದವರಿಗೆ ದಂಡ, ಸಭೆಯ ನಡುವೆ ಫೋನು ಬಡಿದುಕೊಂಡರೆ ಅದಕ್ಕೂ ದಂಡ. ದಂಡದ ಹಣ ಎಣಿಸುವಾಗ ಮಾತ್ರ ಎಲ್ಲರಿಗೂ ನಗು. ಕೆಲವು ಸಂಘಗಳಲ್ಲಿ ಮೂರು ಬೀಗದ ತಗಡಿನ ಪೆಟ್ಟಿಗೆ ಇರುತ್ತದೆ. ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಮೂರು ಬೀಗದ ಕೈಗಳು ಬೇರೆ ಮೂವರ ಬಳಿ. ನಾಲ್ವರೂ ಕೂಡಿ ಬರದೆ ಪೆಟ್ಟಿಗೆ ತೆರೆಯುವಂತಿಲ್ಲ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ನೈಜರ್ ದೇಶದ ಹೆಂಗಸರ ಜೊತೆ ಶುರು ಮಾಡಿದ ಪದ್ಧತಿ ಇದು, ಅಲ್ಲಿಂದ ಖಂಡದ ತುಂಬ ಹಬ್ಬಿತು. ಪ್ರತಿ ಸಭೆಯಲ್ಲಿ ಸದಸ್ಯೆಯರು ಉಳಿತಾಯದ ಪಾಲು ಕೊಳ್ಳುತ್ತಾರೆ, ಅದೇ ಹಣದಿಂದ ಸಾಲ ಎತ್ತುತ್ತಾರೆ, ಬಡ್ಡಿಯೂ ಪೆಟ್ಟಿಗೆಗೇ ಬರುತ್ತದೆ. ವರ್ಷದ ಕೊನೆಗೆ ಪೂರ್ತಿ ಹಂಚಿಕೊಂಡು ಪೆಟ್ಟಿಗೆ ಬರಿದು ಮಾಡಿ ಮತ್ತೆ ಮೊದಲಿನಿಂದ ಶುರು. ಹಾಗೆ ಹಂಚುವ ದಿನ ಲೆಕ್ಕ ಸುಳ್ಳಾಗಿದ್ದರೆ ಎಲ್ಲರ ಎದುರೇ ಬಯಲಾಗುತ್ತದೆ. ನಮ್ಮಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆಯವರು ಎಂಬತ್ತರ ದಶಕದಲ್ಲಿ ಸ್ವಸಹಾಯ ಸಂಘ ಕಟ್ಟಿದರು, 1992ರಲ್ಲಿ ನಬಾರ್ಡ್ ಬ್ಯಾಂಕ್ ಸಾಲದ ಜೋಡಣೆ ತಂದಿತು. ಒಳ್ಳೆಯದೇ ಆಯಿತು. ಆದರೆ ವರ್ಷಕ್ಕೊಮ್ಮೆ ಪೆಟ್ಟಿಗೆ ಬರಿದು ಮಾಡುವ ಆ ಕ್ರಮ ನಮ್ಮ ಸಂಘಗಳಿಗೂ ಇದ್ದಿದ್ದರೆ ಇಲ್ಲಿ ಎಷ್ಟೋ ಜಗಳ ತಪ್ಪುತ್ತಿತ್ತು ಎಂದು ಇಷ್ಟು ವರ್ಷ ಸಂಘದ ಪುಸ್ತಕ ಬರೆದ ನನಗೆ ಅನ್ನಿಸುತ್ತದೆ.

ಆ ಪೆಟ್ಟಿಗೆಗೆ ನೀನು ಮಾತ್ರ ಹೊರಗಿನ ಹಣ ತಂದು ಹಾಕಬೇಡ. ನಿನ್ನ ತಂಡದವರು ಪ್ರಾರಂಭಿಕ ಬಂಡವಾಳ ಎಂದು ಒಂದಿಷ್ಟು ಡಾಲರ್ ಕೊಟ್ಟಿರುತ್ತಾರೆ, ಕೈ ತುರಿಸುತ್ತದೆ. ಪಕ್ಕದ ಮನೆಯವಳ ದುಡ್ಡು ಎಂದು ಗೊತ್ತಿರುವ ಸಾಲವನ್ನು ಹೆಂಗಸರು ಹೊಟ್ಟೆ ಕಟ್ಟಿಯಾದರೂ ತೀರಿಸುತ್ತಾರೆ. ವಿಮಾನದಲ್ಲಿ ಬಂದ ದುಡ್ಡನ್ನು ಯಾಕೆ ತೀರಿಸಬೇಕು? ನಾನಾದರೂ ತೀರಿಸುತ್ತಿರಲಿಲ್ಲ.

ಹೊಸದನ್ನು ಕಟ್ಟುವ ಮುಂಚೆ ಒಂದು ಕಥೆ ಕೇಳು. ದಕ್ಷಿಣ ಆಫ್ರಿಕದಲ್ಲಿ ಪ್ಲೇಪಂಪ್ ಎಂಬುದು ಬಂತು. ಮಕ್ಕಳು ಕುಳಿತು ತಿರುಗುವ ಆಟದ ಚಕ್ರಕ್ಕೆ ಪಂಪನ್ನು ಜೋಡಿಸುವುದು. ಮಕ್ಕಳು ಆಡಿದಂತೆ ನೀರು ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ಸುತ್ತ ಜಾಹೀರಾತು ಹಾಕಿ ರಿಪೇರಿಯ ಖರ್ಚು ಗಿಟ್ಟಿಸುವುದು. ಕೇಳಿದವರೆಲ್ಲ ಚಪ್ಪಾಳೆ ತಟ್ಟಿದರು. 2000ದಲ್ಲಿ ವಿಶ್ವ ಬ್ಯಾಂಕಿನ ಪ್ರಶಸ್ತಿ, 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದಾನಿಗಳಿಂದ 1.64 ಕೋಟಿ ಡಾಲರಿನ ಘೋಷಣೆ, 2010ರ ಹೊತ್ತಿಗೆ 4,000 ಪಂಪುಗಳ ಗುರಿ. ಒಂದೊಂದಕ್ಕೂ ಸುಮಾರು 14,000 ಡಾಲರ್, ಮಾಮೂಲಿ ಕೈಪಂಪಿನ ಹಲವು ಪಟ್ಟು ಬೆಲೆ. ಆಮೇಲೆ ಮೊಜಾಂಬಿಕ್ ಮತ್ತು ಮಲಾವಿಯ ಹಳ್ಳಿಗಳಿಗೆ ಹೋಗಿ ನೋಡಿದರೆ, ಇದ್ದ ಕೈಪಂಪನ್ನು ಕಿತ್ತು ಇದನ್ನು ನೆಟ್ಟಿದ್ದಾರೆ, ಮಕ್ಕಳು ಶಾಲೆಯಲ್ಲಿದ್ದಾರೆ, ಬಿಂದಿಗೆ ಇಟ್ಟುಕೊಂಡು ಬಂದ ಅಜ್ಜಿಯಂದಿರು ಸೊಂಟ ಬಗ್ಗಿಸಿ ಆ ಚಕ್ರವನ್ನು ತಳ್ಳುತ್ತಿದ್ದಾರೆ. ಕೆಟ್ಟರೆ ಊರಿನ ಮೆಕ್ಯಾನಿಕ್ಕಿನ ಕೈಗೆ ಬಗ್ಗುವ ಯಂತ್ರವೂ ಅಲ್ಲ. ಗುರಿ ಇಟ್ಟಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತು. ನೀರು ತರುವವರು ಯಾರು, ಎಷ್ಟು ಹೊತ್ತಿಗೆ ತರುತ್ತಾರೆ ಎಂದು ಒಂದು ಬೆಳಗ್ಗೆ ಬಾವಿಯ ಬಳಿ ನಿಂತವರಿಗೂ ಇದು ಹೊಳೆಯುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರಲ್ಲ, ನೀನೂ ಹೋಗು. ನಿನ್ನನ್ನು ಇಟ್ಟುಕೊಂಡ ಮನೆಯ ಹೆಣ್ಣುಮಕ್ಕಳ ಜೊತೆ ಹಳದಿ ಪ್ಲಾಸ್ಟಿಕ್ ಕ್ಯಾನು ಹಿಡಿದು ಬೆಳಗಿನ ಜಾವ ಎದ್ದು ಹೋಗು.

ಹಾಗೆಂದು ಹೊರಗಿನವರು ಮಾಡಿದ್ದೆಲ್ಲ ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಆಂಡ್ರ್ಯೂ ಯೂನ್ ಎಂಬ ಅಮೆರಿಕದ ಎಂಬಿಎ ವಿದ್ಯಾರ್ಥಿ ನಿನ್ನ ಹಾಗೆಯೇ ಪಶ್ಚಿಮ ಕೀನ್ಯಾಕ್ಕೆ ಬಂದವನು. ಅಕ್ಕಪಕ್ಕದ ಹೊಲಗಳಲ್ಲಿ ಒಬ್ಬರಿಗೆ ಬೆಳೆ ತುಂಬಿ ಬಂದು ಇನ್ನೊಬ್ಬರಿಗೆ ಬಾರದ್ದನ್ನು ನೋಡಿದ. ಓದು ಮುಗಿಸಿ ವಾಪಸು ಬಂದು 2006ರಲ್ಲಿ ಬುಂಗೋಮಾದಲ್ಲಿ ಸುಮಾರು 40 ರೈತ ಕುಟುಂಬಗಳೊಂದಿಗೆ ಒನ್ ಏಕರ್ ಫಂಡ್ ಶುರು ಮಾಡಿದ. ಬೀಜ ಮತ್ತು ಗೊಬ್ಬರವನ್ನು ಸಾಲವಾಗಿ ಕೊಟ್ಟು, ನಡೆದು ಹೋಗುವಷ್ಟು ದೂರಕ್ಕೆ ತಲುಪಿಸಿ, ದಾರ ಹಿಡಿದು ಸಾಲಿನಲ್ಲಿ ಬಿತ್ತುವುದನ್ನು ತೋರಿಸಿಕೊಟ್ಟು, ಸಾಲವನ್ನು ಕೈಗೆ ಬಂದಷ್ಟು ಬಂದಷ್ಟೇ ಕಟ್ಟಲು ಬಿಡುವುದು. ಇವತ್ತು ಲಕ್ಷಾಂತರ ಕುಟುಂಬಗಳಿಗೆ ಮುಟ್ಟಿದೆ. ಗಮನಿಸು, ಆ ಹುಡುಗ ಬೇಸಿಗೆ ರಜೆಯಲ್ಲಿ ಮಾಡಿದ್ದು ನೋಡಿದ್ದು ಮಾತ್ರ. ಕಟ್ಟಿದ್ದು ಆಮೇಲೆ, ಅಲ್ಲೇ ವರ್ಷಗಟ್ಟಲೆ ನಿಂತು.

ನಿನ್ನ ಎಂಟು ವಾರಗಳು ಯಾವ ಕಾಲದಲ್ಲಿ ಬರುತ್ತವೆ ಎಂಬುದನ್ನೂ ಯೋಚಿಸು. ಕಾಲೇಜಿನ ರಜೆ ಎಂದು ಜೂನ್‌ನಲ್ಲಿ ಹೋಗುತ್ತೀಯ. ಅಲ್ಲಿ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ, ಮೆಕ್ಕೆಜೋಳ ಕೊಯ್ಲಿಗೆ ಬರುವುದು ಆಗಸ್ಟ್ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಕಣಜ ಬರಿದು, ಗೊರೊಗೊರೊ ಬೆಲೆ ಏರಿರುತ್ತದೆ, ಕೆಲವು ಮನೆಗಳಲ್ಲಿ ಒಂದು ಹೊತ್ತಿನ ಊಟ ಬಿಡುತ್ತಾರೆ. ಆಗ ಹೋಗಿ, ಸೋಲಾರ್ ದೀಪಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ ಬರುವ ಉತ್ತರ ವರ್ಷದ ಉತ್ತರವಲ್ಲ. ಕಬ್ಬು ಬೆಳೆಯುವವರ ಕಥೆ ಇನ್ನೂ ಬೇರೆ. ಅಲ್ಲಿ ಕಬ್ಬು ಮಾಗಲು ಒಂದೂವರೆ ವರ್ಷ ಬೇಕು, ಆಮೇಲೆ ಹಣ ಬರುವುದು ಕಾರ್ಖಾನೆ ಕೊಟ್ಟಾಗ. ಮಂಡ್ಯದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನು ಮಾರುವವಳಿಗೆ ದಿನಾ ಚಿಲ್ಲರೆ, ಮೇಷ್ಟರಿಗೆ ತಿಂಗಳ ಸಂಬಳ, ಕಬ್ಬಿನವನಿಗೆ ವರ್ಷಕ್ಕೊಂದು ಗಂಟು. ಸೋಲಾರ್ ದೀಪ ಮಾರುವ ನಮ್ಮ ಸೆಲ್ಕೋ ಕಂಪನಿಯ ಹರೀಶ್ ಹಂದೆ ಹೇಳುವ ಮಾತೊಂದಿದೆ. ತಿಂಗಳಿಗೆ 300 ರೂಪಾಯಿ ಎಂದರೆ ದುಬಾರಿ ಎಂದ ಬೀದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಭಾರವೆನಿಸಲಿಲ್ಲವಂತೆ. ಬೆಲೆಗಿಂತ ಕಂತು ಯಾವಾಗ ಎಂಬುದೇ ದೊಡ್ಡದು.

ಬೆಲೆಯ ಮಾತು ಬಂತು. ಬಿಟ್ಟಿ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ, ಎಲ್ಲವನ್ನೂ ಮಾರಬೇಕು ಎಂದು ನಿಮ್ಮ ಉಪನ್ಯಾಸಕರು ಹೇಳುತ್ತಾರೆ. ಪಂಪಿಗೆ ಅದು ಸರಿಯಿರಬಹುದು. ನೈರೋಬಿಯಲ್ಲಿ 1991ರಲ್ಲಿ ಶುರುವಾಗಿ ಈಗ ಕಿಕ್‌ಸ್ಟಾರ್ಟ್ ಎಂದು ಕರೆಸಿಕೊಳ್ಳುವ ಸಂಸ್ಥೆ ಕಾಲಿನಿಂದ ತುಳಿಯುವ ಮನಿಮೇಕರ್ ಪಂಪನ್ನು ಅಂಗಡಿಗಳ ಮೂಲಕವೇ ಮಾರಿತು. ಕೊಂಡವರು ತರಕಾರಿ ಬೆಳೆದು ಹಣ ಮಾಡಿದರು. ಆದರೆ ಸೊಳ್ಳೆಪರದೆಗೆ ಅದೇ ಮಾತು ನಡೆಯಲಿಲ್ಲ. ನೀನು ಹೋಗುವ ಸೀಮೆಯ ಬಸುರಿಯರ ತಪಾಸಣೆಯ ಕ್ಲಿನಿಕ್ಕುಗಳಲ್ಲೇ ಜೆಸಿಕಾ ಕೊಹೆನ್ ಮತ್ತು ಪಾಸ್ಕಲೀನ್ ಡೂಪಾ ಎಂಬ ಅರ್ಥಶಾಸ್ತ್ರಜ್ಞೆಯರು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಬಿಟ್ಟಿಯ ಬದಲು ಬರೀ ಅಮೆರಿಕದ 60 ಸೆಂಟ್ ಬೆಲೆ ಇಟ್ಟದ್ದಕ್ಕೇ ಪರದೆ ಒಯ್ಯುವವರು ನೂರಕ್ಕೆ ಅರವತ್ತು ಮಂದಿಯಷ್ಟು ಕಡಿಮೆಯಾದರು. ಬಿಟ್ಟಿ ಒಯ್ದವರು ಅದನ್ನು ಮೂಲೆಗೆ ಎಸೆಯಲೂ ಇಲ್ಲ, ಕಟ್ಟಿಕೊಂಡೇ ಮಲಗಿದರು. ಎಲ್ಲವನ್ನೂ ಉದ್ಯಮ ಮಾಡಬೇಕು ಎಂಬ ಹಟ ಬೇಡ, ಕೆಲವು ಕೆಲಸ ಸರ್ಕಾರದ ಆಸ್ಪತ್ರೆಯದ್ದೇ.

ಇನ್ನೊಂದು ವಿಷಯವನ್ನು ಯಾರೂ ನಿನಗೆ ಹೇಳಿರುವುದಿಲ್ಲ. ಬಿಳಿಯ ವಿದ್ಯಾರ್ಥಿಗಳನ್ನು ಕಂಡು ಮಕ್ಕಳು ಮ್ಜುಂಗು ಎಂದು ಕೂಗುತ್ತಾ ಓಡಿ ಬರುತ್ತಾರೆ, ನಿನ್ನನ್ನು ಮುಹಿಂದಿ, ಅಂದರೆ ಭಾರತದವಳು, ಎನ್ನುತ್ತಾರೆ. ಬೈಗುಳವಲ್ಲ, ಆದರೆ ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಬ್ರಿಟಿಷರು 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವರೆಗೆ ಹಾಕಿದ ರೈಲು ದಾರಿಗೆ ಸುಮಾರು 32,000 ಭಾರತೀಯ ಕೂಲಿಗಳನ್ನು ತಂದರು. ಆಮೇಲೆ ಬಂದ ಗುಜರಾತಿಗಳು ಊರೂರಿನಲ್ಲಿ ಅಂಗಡಿ ಇಟ್ಟರು. ಅಂಗಡಿಯವನು ಮತ್ತು ಗಿರಾಕಿಯ ನಡುವಿನ ಮುನಿಸು ಅಲ್ಲಿ ಹಳೆಯದು. ಪಕ್ಕದ ಉಗಾಂಡಾದಲ್ಲಿ 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ನಮ್ಮವರನ್ನು ಹೊರಗಟ್ಟಿದಾಗ ಆ ಮುನಿಸನ್ನೇ ಬಳಸಿಕೊಂಡ. ಭಾರತೀಯಳೊಬ್ಬಳು ವ್ಯಾಪಾರದ ಮಾತು ತೆಗೆದರೆ ವಯಸ್ಸಾದವರು ಒಂದು ಕ್ಷಣ ತಡೆದು ನೋಡುತ್ತಾರೆ. ಅದಕ್ಕೆ ಕೋಪ ಮಾಡಿಕೊಳ್ಳಬೇಡ, ಸಮಜಾಯಿಷಿಯನ್ನೂ ಕೊಡಬೇಡ. ಅವರು ಬೆಳಗ್ಗೆ ಎದುರಾದರೆ ಅವರ ಲುವೊ ಭಾಷೆಯಲ್ಲಿ ಒಯಾವೊರೆ ಎಂದು ನಮಸ್ಕಾರ ಹೇಳು, ಕೊಟ್ಟದ್ದನ್ನು ತಿಂದು ಎರೊಕಮಾನೊ ಎಂದು ಧನ್ಯವಾದ ಹೇಳು. ವಿಂಬಿಯ ಗಂಜಿ ಕೊಟ್ಟರೆ ಲೋಟ ಪೂರ್ತಿ ಕುಡಿ, ಅದು ನಮ್ಮ ರಾಗಿಯೇ. ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಆ ಎತ್ತರದ ನೆಲದಿಂದಲೇ ನಮ್ಮ ಕಡೆಗೆ ಬಂದ ಧಾನ್ಯ. ಮುದ್ದೆ ಉಣ್ಣುವ ಮಂಡ್ಯದವರು ಅವರಿಗೆ ಇಷ್ಟಾದರೂ ಋಣಿಗಳು.

ಸಾವಾದರೆ ನಿನ್ನ ಕಾರ್ಯಕ್ರಮದ ವೇಳಾಪಟ್ಟಿ ಮಡಚಿಡು. ಆ ಸೀಮೆಯ ಲುವೊ ಜನರಲ್ಲಿ ಶವಸಂಸ್ಕಾರಕ್ಕೆ ಇಡೀ ಊರು ಸೇರುತ್ತದೆ, ಹೆಚ್ಚಾಗಿ ವಾರದ ಕೊನೆಗೆ. ಚಂದಾ ಎತ್ತುತ್ತಾರೆ, ದೂರದ ನೆಂಟರೆಲ್ಲ ಬರುತ್ತಾರೆ. ಆ ದಿನ ಕಾರ್ಯಾಗಾರಕ್ಕೆ ಯಾರೂ ಬರಲಿಲ್ಲ ಎಂದು ವರದಿಯಲ್ಲಿ ಬರೆಯಬೇಡ. ನೀನೂ ಹೋಗಿ ಪಾತ್ರೆ ತೊಳೆ.

ಇನ್ನು ಕೊನೆಯ ವಾರದ ಮಂಡನೆ. ಅಲ್ಲಿ ಊರಿನವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಯಂತ್ರ ತರಿಸುತ್ತೇವೆ, ದಾನಿಗಳನ್ನು ಹುಡುಕುತ್ತೇವೆ ಎಂಬ ಮಾತು ಉತ್ಸಾಹದಲ್ಲಿ ಬಾಯಿಗೆ ಬಂದೇ ಬರುತ್ತದೆ, ನುಂಗಿಕೊ. ನೀನು ಮರೆತರೂ ಅವರು ಮರೆಯುವುದಿಲ್ಲ, ಮುಂದಿನ ವರ್ಷ ಬರುವ ಹುಡುಗಿಯನ್ನು ಕೇಳುತ್ತಾರೆ. ನನ್ನ ಮಾತು ಕೇಳುವುದಾದರೆ ಹೊಸ ಉದ್ಯಮವನ್ನೇ ಹೂಡಬೇಡ. ಮೊದಲೇ ಮೊಟ್ಟೆಯನ್ನೋ ಸಾಬೂನನ್ನೋ ಹಪ್ಪಳದಂಥ ತಿನಿಸನ್ನೋ ಮಾರುತ್ತಿರುವ ಒಂದು ಗುಂಪನ್ನು ಹಿಡಿ. ಅವರ ಖರ್ಚುವೆಚ್ಚವನ್ನು ಅವರ ಕೈಯಲ್ಲೇ ಬರೆಸು. ಸಾಗಣೆ, ಹಾಳಾದ ಸರಕು, ಅವರ ದುಡಿಮೆಯ ಹೊತ್ತು, ಎಲ್ಲವನ್ನೂ ಸೇರಿಸು. ಯಾವ ಸರಕಿನಲ್ಲಿ ಲಾಭವಿಲ್ಲ ಎಂದು ಅದರಿಂದಲೇ ಹೊರಬೀಳುತ್ತದೆ, ಆಮೇಲೆ ತೀರ್ಮಾನ ಅವರದ್ದು. ಪ್ರಶಸ್ತಿ ಬರುವ ಕೆಲಸ ಇದಲ್ಲ, ಸ್ಲೈಡಿನಲ್ಲಿ ಚೆನ್ನಾಗಿಯೂ ಕಾಣುವುದಿಲ್ಲ.

ಹೊರಡುವ ಮೊದಲೇ ಕಾರ್ಯಕ್ರಮದವರನ್ನು ಕೇಳಿಕೊ: ನೀನು ಕಟ್ಟಿದ ಶುಲ್ಕದಲ್ಲಿ ನಿನ್ನನ್ನು ಇಟ್ಟುಕೊಳ್ಳುವ ಮನೆಗೆ ಎಷ್ಟು ಹೋಗುತ್ತದೆ, ನಿನಗಾಗಿ ದಿನವಿಡೀ ಭಾಷಾಂತರ ಮಾಡುವ ಊರಿನ ಹುಡುಗನಿಗೆ ಸಂಬಳವೆಷ್ಟು, ನೀನು ವಾಪಸು ಬಂದ ಮೇಲೆ ಅವನಿಗೆ ಕೆಲಸ ಇದೆಯೇ? ಮುಜುಗರ ಪಡಬೇಡ, ಶುಲ್ಕವೆಂದು ಲಕ್ಷಗಟ್ಟಲೆ ಕೊಟ್ಟಾಗಿದೆ.

ಹಳದಿ ಜ್ವರದ ಲಸಿಕೆಯನ್ನು ವಿಮಾನ ಹತ್ತುವ 10 ದಿನಕ್ಕಾದರೂ ಮುಂಚೆ ಹಾಕಿಸಿಕೊ. ಆ ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ವಾಪಸು ಬಂದರೆ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕವಾಗಿ ಇಡುತ್ತಾರೆ. ಸರೋವರದ ಸೀಮೆಯಲ್ಲಿ ಮಲೇರಿಯಾ ಜಾಸ್ತಿ, ಮಾತ್ರೆಯ ವಿಷಯ ವೈದ್ಯರನ್ನು ಕೇಳು, ಪರದೆ ಕಟ್ಟದೆ ಮಲಗಬೇಡ. ಕಿಸುಮು ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿದೆ, ರಾತ್ರಿಗೆ ಒಂದು ಸ್ವೆಟರ್ ಇರಲಿ. ಮನೆಯವರಿಗೆ ಕೊಡಲು ಚಹಾಪುಡಿ, ಸಕ್ಕರೆಯನ್ನು ಅಲ್ಲಿಯ ಅಂಗಡಿಯಲ್ಲೇ ಕೊಂಡುಕೊ. ಚಟ್ನಿಪುಡಿ ಒಂದು ಡಬ್ಬಿ ಸಾಕು. ನಿನ್ನ ಅಮ್ಮ ಐದು ಕಟ್ಟುತ್ತಾಳೆ, ನಾಲ್ಕನ್ನು ಹೊರಡುವ ಹಿಂದಿನ ದಿನ ನನ್ನ ಮನೆಗೆ ತಂದುಬಿಡು.

ಇತಿ
ನಿನ್ನ ದೊಡ್ಡಮ್ಮ